ಒಂದೇ ಚಾರ್ಜರ್, ಹಲವು ದರ: ಎಲೆಕ್ಟ್ರಿಕ್ ಕಾರಿಗೆ ಚಾರ್ಜಿಂಗ್ ಕಾರ್ಡ್ ಆರಿಸುವುದು ಹೇಗೆ?

ಒಂದೇ ಚಾರ್ಜರ್‌ನ ಎರಡು ಗನ್‌ಗಳಿಗೆ (ಕಾರಿಗೆ ಸಿಕ್ಕಿಸುವ ಕೇಬಲ್‌ನ ತುದಿಗಳಿಗೆ) ಒಂದೇ ಮಾಡೆಲಿನ ಎರಡು ಕಾರು ಸಿಕ್ಕಿಸಿ. ಎರಡಕ್ಕೂ 30 ಯೂನಿಟ್ ಹೋಗಲಿ. ಒಬ್ಬರ ಬಿಲ್ ಇನ್ನೊಬ್ಬರ ಬಿಲ್ಲಿನ ಒಂದೂವರೆ ಪಟ್ಟು ಬರಬಹುದು. ಮೀಟರ್ ಕೆಟ್ಟಿರುವುದಿಲ್ಲ, ಯಾರೂ ಟೋಪಿ ಹಾಕಿರುವುದಿಲ್ಲ. ತೋರಿಸಿದ ಕಾರ್ಡ್ ಬೇರೆ ಬೇರೆ, ಅಷ್ಟೇ. ಬಂಕಿನ ಬೋರ್ಡಿನಲ್ಲಿ ಬರೆದ ದರವೇ ಎಲ್ಲರಿಗೂ ಎಂದು ರೂಢಿಯಾದವರಿಗೆ ಇದು ಅಷ್ಟು ಬೇಗ ತಲೆಗೆ ಹತ್ತುವುದಿಲ್ಲ.

ಇದಕ್ಕೆ ಕಾರಣ, ಸಾರ್ವಜನಿಕ ಚಾರ್ಜಿಂಗ್‌ನಲ್ಲಿ ನಿಮ್ಮ ಎದುರಿಗೆ ಇರುವುದು ಒಂದು ಕಂಪನಿಯಲ್ಲ, ಎರಡು. ಜಾಗ ಹಿಡಿದು, ಚಾರ್ಜರ್ ನೆಟ್ಟು, ಕರೆಂಟ್ ತಂದು, ಕೆಟ್ಟರೆ ರಿಪೇರಿ ಮಾಡಿಸುವುದು ಆಪರೇಟರ್. ನಿಮ್ಮ ಹೆಸರಿಗೆ ಖಾತೆ ತೆರೆದು, ಕಾರ್ಡ್ ಕೊಟ್ಟು, ತಿಂಗಳ ಕೊನೆಗೆ ಬಿಲ್ ಕಳಿಸುವುದು ಕಾರ್ಡ್ ಕಂಪನಿ. ಕೆಲವು ಕಡೆ ಎರಡೂ ಒಂದೇ. ಹಲವು ಕಡೆ ಬೇರೆ ಬೇರೆ. ಆಗ ಆಪರೇಟರ್ ಕಾರ್ಡ್ ಕಂಪನಿಗೆ ಸಗಟು ದರದಲ್ಲಿ ಮಾರುತ್ತದೆ, ಕಾರ್ಡ್ ಕಂಪನಿ ತನಗೆ ಬೇಕಾದ ದರ ಹಾಕಿ ನಿಮಗೆ ಮಾರುತ್ತದೆ. ಹಾಗಾಗಿ ಯಾವುದೇ ಕಾರ್ಡ್ ಕೈಗೆ ಬಂದರೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ತೋರಿಸಿದಾಗ ದರ ಹೇಳುವವರು ಯಾರು? ಎಷ್ಟು ಸಾವಿರ ಚಾರ್ಜರ್‌ಗಳಲ್ಲಿ ನಡೆಯುತ್ತದೆ, ಆ್ಯಪ್ ಎಷ್ಟು ಚಂದ ಇದೆ ಎಂಬುದೆಲ್ಲ ಆಮೇಲಿನ ಮಾತು.

ಯುರೋಪಿನ ಹೆದ್ದಾರಿಗಳ ಐಯೋನಿಟಿ ಜಾಲದಲ್ಲಿ ಇದು ಎದ್ದು ಕಂಡಿತ್ತು. ಬಿಎಂಡಬ್ಲ್ಯು, ಡೈಮ್ಲರ್, ಫೋರ್ಡ್, ಫೋಕ್ಸ್‌ವ್ಯಾಗನ್ ಸೇರಿ 2017ರಲ್ಲಿ ಶುರು ಮಾಡಿದ ಜಾಲ ಅದು. ಮೊದಲು ಒಂದು ಬಾರಿ ಚಾರ್ಜ್ ಮಾಡಿದರೆ ಇಷ್ಟು ಎಂಬ ಸಪಾಟು ದರವಿತ್ತು. 2020ರ ಜನವರಿ ಕೊನೆಯಿಂದ ಯೂನಿಟ್ ಲೆಕ್ಕಕ್ಕೆ ಬಂದಾಗ ಹಾಗೇ ಬಂದು ಚಾರ್ಜ್ ಮಾಡುವವರಿಗೆ ದರ ಗಗನಕ್ಕೇರಿತು. ಪಾಲುದಾರ ಕಾರು ಕಂಪನಿಗಳ ಮಾಸಿಕ ಪ್ಲಾನ್ ಇದ್ದವರು ಮಾತ್ರ ಅದೇ ಗನ್ನಿನಿಂದ ಅದರ ಅರ್ಧಕ್ಕಿಂತ ಕಡಿಮೆ ದರದಲ್ಲಿ ಚಾರ್ಜ್ ಮಾಡಿಕೊಂಡು ಹೋಗುತ್ತಿದ್ದರು.

ಕಾರ್ಡ್ ತೋರಿಸಿದಾಗ ಒಳಗೆ ನಡೆಯುವುದು

ಚಾರ್ಜಿಂಗ್ ಕಾರ್ಡ್‌ನಲ್ಲಿ ದುಡ್ಡು ಇರುವುದಿಲ್ಲ. ಇರುವುದು ಒಂದು ಚಿಪ್, ಅದರಲ್ಲೊಂದು ಸಂಖ್ಯೆ. 13.56 ಮೆಗಾಹರ್ಟ್ಸ್‌ನಲ್ಲಿ ಚಾರ್ಜರ್‌ನ ರೀಡರ್ ಆ ಸಂಖ್ಯೆ ಓದುತ್ತದೆ, ತನ್ನ ಆಪರೇಟರ್‌ನ ಸರ್ವರ್‌ಗೆ ಕಳಿಸಿ 'ಇವರಿಗೆ ಕೊಡಲೇ?' ಎಂದು ಕೇಳುತ್ತದೆ. ಚಾರ್ಜರ್‌ಗೂ ಸರ್ವರ್‌ಗೂ ನಡುವಿನ ಈ ಮಾತುಕತೆಗೆ ಬಹುಪಾಲು ಬಳಕೆಯಲ್ಲಿರುವುದು ಒಸಿಪಿಪಿ ಎಂಬ ಮುಕ್ತ ಪ್ರೋಟೊಕಾಲ್. 2009ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ್ದು. ಸಂಖ್ಯೆ ತನ್ನ ಗ್ರಾಹಕರದ್ದಲ್ಲ ಎಂದಾದರೆ ಆಪರೇಟರ್ ಅದನ್ನು ಕಾರ್ಡ್ ಕಂಪನಿಗೆ ನೇರವಾಗಿ ಅಥವಾ ಹಬ್ ಒಂದರ (ಹಲವು ಕಂಪನಿಗಳನ್ನು ಬೆಸೆಯುವ ಮಧ್ಯವರ್ತಿಯ) ಮೂಲಕ ದಾಟಿಸುತ್ತದೆ. ಬರ್ಲಿನ್‌ನಲ್ಲಿ 2012ರಲ್ಲಿ ಸ್ಥಾಪನೆಯಾದ ಹಬ್‌ಜೆಕ್ಟ್ ಅಂಥದ್ದೊಂದು ಹಬ್. ಅಲ್ಲಿಂದ ಒಪ್ಪಿಗೆ ಬಂದ ಮೇಲೆ ಚಾರ್ಜರ್ ಹಸಿರು ದೀಪ ತೋರಿಸುತ್ತದೆ. ಇಷ್ಟೆಲ್ಲ ಕೆಲವು ಸೆಕೆಂಡಿನಲ್ಲಿ. ಬೇರೆ ಬ್ಯಾಂಕಿನ ಎಟಿಎಂನಲ್ಲಿ ದುಡ್ಡು ತೆಗೆದ ಹಾಗೆ. ಮೊಬೈಲಿನಲ್ಲಿ ಇರುವಂತೆ ಇದಕ್ಕೂ ರೋಮಿಂಗ್ ಎಂದೇ ಹೆಸರು.

ಈ ಸರಪಳಿ ಗೊತ್ತಿದ್ದರೆ ಅರ್ಧ ತೊಂದರೆಗಳ ಮೂಲ ತಾನಾಗಿ ತಿಳಿಯುತ್ತದೆ. ಆಪರೇಟರ್‌ನದೇ ಕಾರ್ಡ್ ಆದರೆ ಕೊಂಡಿ ಒಂದೇ. ರೋಮಿಂಗ್ ಕಾರ್ಡ್ ಆದರೆ ಮೂರು ನಾಲ್ಕು. ಯಾವುದೊಂದು ತಪ್ಪಿದರೂ ಕೆಂಪು ದೀಪ. ಸಹಾಯವಾಣಿಗೆ ಫೋನ್ ಮಾಡಿದರೆ ಆಪರೇಟರ್ 'ನಿಮ್ಮ ಕಾರ್ಡ್ ಕಂಪನಿಯನ್ನು ಕೇಳಿ' ಎನ್ನುತ್ತದೆ, ಅವರು 'ಚಾರ್ಜರ್ ಮೇಲೆ ಬರೆದಿರುವ ನಂಬರಿಗೆ ಮಾಡಿ' ಎನ್ನುತ್ತಾರೆ. ರೋಮಿಂಗ್ ಬಿಲ್ ಎರಡು ದಿನ ತಡವಾಗಿ ಬರುವುದೂ ಇದರಿಂದಲೇ. ಎಷ್ಟು ಯೂನಿಟ್, ಎಷ್ಟು ಹೊತ್ತು ಎಂಬ ದಾಖಲೆ ಆಪರೇಟರ್‌ನಿಂದ ಕಾರ್ಡ್ ಕಂಪನಿಗೆ ಸೇರಿದ ಮೇಲೇ ನಿಮ್ಮ ಲೆಕ್ಕ. ಅದಕ್ಕೇ ಚಾರ್ಜ್ ಮುಗಿದಾಗ ಪರದೆಯ ಮೇಲಿನ ಯೂನಿಟ್ ಮತ್ತು ಸಮಯದ ಒಂದು ಫೋಟೊ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ತಕರಾರು ಎದ್ದರೆ ನಿಮ್ಮ ಬಳಿ ಇರುವ ಸಾಕ್ಷಿ ಅದೊಂದೇ.

ಫೋನಿನಲ್ಲಿ ಆ್ಯಪ್ ಇರುವಾಗ ಪ್ಲಾಸ್ಟಿಕ್ ಕಾರ್ಡ್ ಯಾಕೆ ಎಂದು ಕೇಳುವವರು ಒಮ್ಮೆ ಬೇಸ್‌ಮೆಂಟ್ ಪಾರ್ಕಿಂಗ್‌ಗೆ ಇಳಿದು ನೋಡಬೇಕು. ಎರಡು ಮಹಡಿ ಕೆಳಗೆ ಚಾರ್ಜರ್, ಅದರ ಮೇಲೆ ಕ್ಯೂಆರ್ ಕೋಡ್, ಫೋನಿನಲ್ಲಿ ಸಿಗ್ನಲ್ ಒಂದು ಕಡ್ಡಿಯೂ ಇಲ್ಲ. ಕೋಡ್ ಸ್ಕ್ಯಾನ್ ಆಗುತ್ತದೆ, ಪೇಜ್ ತೆರೆಯುವುದಿಲ್ಲ. ಅದೇ ಚಾರ್ಜರ್‌ಗೆ ಕೇಬಲ್‌ನಲ್ಲಿ ನೆಟ್ ಬಂದಿದ್ದರೆ ಕಾರ್ಡ್ ತೋರಿಸಿದ ಕೂಡಲೇ ಕೆಲಸ ಶುರು. ಚಾರ್ಜರ್‌ಗೂ ನೆಟ್ ಹೋಗಿದ್ದರೂ ದಾರಿ ಇದೆ: ಪರಿಚಿತ ಕಾರ್ಡ್‌ಗಳ ಪಟ್ಟಿಯನ್ನು ಚಾರ್ಜರ್ ತನ್ನೊಳಗೇ ಇಟ್ಟುಕೊಳ್ಳುವ ಅವಕಾಶ ಒಸಿಪಿಪಿಯಲ್ಲಿದೆ. ಆ ಪಟ್ಟಿಯಲ್ಲಿ ಆಪರೇಟರ್‌ನ ಸ್ವಂತ ಗ್ರಾಹಕರಿರುವ ಸಂಭವ ಹೆಚ್ಚು, ರೋಮಿಂಗ್‌ನಲ್ಲಿ ಬಂದವರದು ಕಡಿಮೆ. ಹಾಗಾಗಿ ನೀವು ವಾರಕ್ಕೆರಡು ಸಲ ನಿಲ್ಲಿಸುವ ಜಾಗಕ್ಕೆ ಅಲ್ಲಿನ ಆಪರೇಟರ್‌ನದೇ ಕಾರ್ಡ್ ಇರಲಿ. ದರ ಎರಡು ಕಾಸು ಹೆಚ್ಚಾದರೂ ಚಿಂತೆಯಿಲ್ಲ.

ಕೈಗೆ ಸಿಗುವ ಬಗೆಗಳು

ಆಪರೇಟರ್‌ನ ಸ್ವಂತ ಕಾರ್ಡ್‌ನಲ್ಲಿ ದರ ಹೇಳುವುದು ಚಾರ್ಜರ್ ಮಾಲೀಕರೇ. ನಡುವೆ ಯಾರೂ ಇಲ್ಲದ ಕಾರಣ ಸಾಮಾನ್ಯವಾಗಿ ಅವರ ಚಾರ್ಜರ್‌ನಲ್ಲಿ ಇದೇ ಅಗ್ಗ. ತೊಂದರೆ ಎಂದರೆ ಹತ್ತು ಆಪರೇಟರ್‌ಗಳಿದ್ದರೆ ಹತ್ತು ಖಾತೆ. ಅದರ ಮೇಲೆ ಕೆಲವರು ಮೊದಲೇ ವ್ಯಾಲೆಟ್‌ಗೆ ದುಡ್ಡು ತುಂಬಿಸಿಕೊಳ್ಳುತ್ತಾರೆ. ಹೀಗೆ ಐದಾರು ವ್ಯಾಲೆಟ್‌ಗಳಲ್ಲಿ ಚೂರುಪಾರು ಹಣ ಸಿಕ್ಕಿಕೊಂಡರೆ ಅದನ್ನು ವಾಪಸ್ ಪಡೆಯುವುದೇ ಒಂದು ಕೆಲಸ. ಕನಿಷ್ಠ ಎಷ್ಟು ತುಂಬಿಸಬೇಕು, ಉಳಿದದ್ದು ಮರಳಿ ಬರುತ್ತದೆಯೇ, ಅವಧಿ ಮುಗಿದರೆ ಏನಾಗುತ್ತದೆ ಎಂಬ ಮೂರನ್ನು ತುಂಬಿಸುವ ಮೊದಲೇ ಓದಿಕೊಳ್ಳಿ.

ರೋಮಿಂಗ್ ಕಾರ್ಡ್‌ಗಳಲ್ಲಿ ಎರಡು ಜಾತಿ. ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಒಂದು ಜಾತಿಯವು ಎಲ್ಲ ಚಾರ್ಜರ್‌ಗೂ ತಾವೇ ಒಂದು ದರ ಕಟ್ಟುತ್ತವೆ: ಎಸಿಗೆ (ಮನೆಗೆ ಬರುವಂಥ ಕರೆಂಟ್ ಕೊಡುವ ನಿಧಾನದ ಚಾರ್ಜರ್) ಇಷ್ಟು, ಡಿಸಿಗೆ (ನೇರ ಬ್ಯಾಟರಿಗೇ ತುಂಬಿಸುವ ವೇಗದ ಚಾರ್ಜರ್) ಇಷ್ಟು. ದರ ನೆನಪಿಡುವುದು ಸುಲಭ, ದುಬಾರಿ ಆಪರೇಟರ್‌ನ ಚಾರ್ಜರ್‌ನಲ್ಲಿ ಲಾಭ, ಅಗ್ಗದವರ ಚಾರ್ಜರ್‌ನಲ್ಲಿ ನಷ್ಟ. ಇನ್ನೊಂದು ಜಾತಿಯವು ಆಪರೇಟರ್ ಹೇಳಿದ ದರವನ್ನು ಹಾಗೇ ದಾಟಿಸಿ ತಮ್ಮ ಪಾಲು ಸೇರಿಸುತ್ತವೆ. ಇವುಗಳಲ್ಲಿ ಪ್ರತಿ ಚಾರ್ಜರ್‌ಗೂ ದರ ಬೇರೆ, ಆದ್ದರಿಂದ ಗನ್ ಹಿಡಿಯುವ ಮುಂಚೆ ಆ್ಯಪ್‌ನಲ್ಲಿ ಆ ಚಾರ್ಜರ್‌ನ ದರ ತೆರೆದು ನೋಡಲೇಬೇಕು. ನನ್ನ ಮತ ಕೇಳಿದರೆ, ದೂರದ ಊರುಗಳಿಗೆ ಅಪರೂಪಕ್ಕೆ ಹೋಗುವವರಿಗೆ ಮೊದಲ ಜಾತಿ, ಲೆಕ್ಕ ಹಾಕಿ ನಿಲ್ಲಿಸುವ ತಾಳ್ಮೆ ಇರುವವರಿಗೆ ಎರಡನೆಯದು.

ಕಾರು ಕಂಪನಿಯ ಕಾರ್ಡ್ ಹೊಸ ಕಾರಿನ ಜೊತೆ ಬರುತ್ತದೆ. ಒಳಗಿರುವುದು ಬಹುತೇಕ ಯಾರದೋ ರೋಮಿಂಗ್ ಕಾರ್ಡೇ, ಮೇಲಿನ ಲೋಗೊ ಮಾತ್ರ ಬೇರೆ. ಮೊದಲ ವರ್ಷ ಮಾಸಿಕ ಶುಲ್ಕವಿಲ್ಲದೆ ಕೊಡುವುದುಂಟು. ಅಷ್ಟರಲ್ಲಿ ನಿಮ್ಮ ಬ್ಯಾಂಕ್ ಖಾತೆ ಅದಕ್ಕೆ ಜೋಡಣೆಯಾಗಿರುತ್ತದೆ, ಎರಡನೇ ವರ್ಷದಿಂದ ಸದ್ದಿಲ್ಲದೆ ಶುಲ್ಕ ಶುರು. ಆ ತಾರೀಖನ್ನು ಫೋನಿನ ಕ್ಯಾಲೆಂಡರ್‌ನಲ್ಲಿ ಇಂದೇ ಹಾಕಿಡಿ.

ಕಾರ್ಡೇ ಬೇಡ, ಬ್ಯಾಂಕಿನ ಡೆಬಿಟ್ ಕಾರ್ಡನ್ನೇ ತೋರಿಸುತ್ತೇನೆ ಎನ್ನುವುದು ಈಗ ಮೊದಲಿಗಿಂತ ಸುಲಭ. ಯುರೋಪಿಯನ್ ಒಕ್ಕೂಟದಲ್ಲಿ 2024ರ ಏಪ್ರಿಲ್ 13ರಿಂದ ಈಚೆಗೆ ಹಾಕಿದ 50 ಕಿಲೋವ್ಯಾಟ್ ಮತ್ತು ಅದಕ್ಕೂ ಮೇಲಿನ ಸಾರ್ವಜನಿಕ ಚಾರ್ಜರ್‌ಗಳು ಬ್ಯಾಂಕ್ ಕಾರ್ಡ್ ಸ್ವೀಕರಿಸಲೇಬೇಕು ಎಂಬ ನಿಯಮವಿದೆ. ಬ್ರಿಟನ್ನಿನಲ್ಲೂ ಅದೇ ವರ್ಷ ನವೆಂಬರ್‌ನಿಂದ ಇಂಥದೇ ನಿಯಮ ಬಂತು. ಖಾತೆ ಬೇಡ, ಆ್ಯಪ್ ಬೇಡ. ಆದರೆ ಹೀಗೆ ಹಠಾತ್ತಾಗಿ ಬಂದವರಿಗೆ ಹಾಕುವ ದರ ಹಲವು ಕಡೆ ಎಲ್ಲಕ್ಕಿಂತ ದುಬಾರಿ. ಇನ್ನೊಂದು, ಚಾರ್ಜ್ ಶುರುವಾಗುವ ಮೊದಲು ಒಂದು ದೊಡ್ಡ ಮೊತ್ತವನ್ನು ಬ್ಯಾಂಕ್ ತಡೆಹಿಡಿಯುತ್ತದೆ, ನಿಜವಾದ ಬಿಲ್ ಕಳೆದು ಉಳಿದದ್ದು ಬಿಡುಗಡೆಯಾಗಲು ಕೆಲವು ದಿನ ಬೇಕಾಗಬಹುದು. ಒಂದೇ ದಿನ ಮೂರು ಕಡೆ ನಿಲ್ಲಿಸಿದರೆ ಖಾತೆಯಲ್ಲಿ ಹಣವಿದ್ದೂ ಇಲ್ಲದಂತಾಗುವುದುಂಟು.

ಕೊನೆಯದು, ಕಾರೇ ಕಾರ್ಡ್ ಆಗುವ ಬಗೆ. ಗನ್ ಸಿಕ್ಕಿಸಿದರೆ ಸಾಕು, ಚಾರ್ಜರ್ ಕಾರನ್ನು ಗುರುತಿಸುತ್ತದೆ. ಇದರಲ್ಲೂ ಎರಡು. ಐಎಸ್ಒ 15118 ಮಾನದಂಡದ 'ಪ್ಲಗ್ ಆ್ಯಂಡ್ ಚಾರ್ಜ್'ನಲ್ಲಿ ಕಾರಿನೊಳಗೆ ಡಿಜಿಟಲ್ ಪ್ರಮಾಣಪತ್ರ ಇರುತ್ತದೆ, ಚಾರ್ಜರ್ ಅದನ್ನು ಪರಿಶೀಲಿಸುತ್ತದೆ. 'ಆಟೋಚಾರ್ಜ್'ನಲ್ಲಿ ಕಾರಿನ ಸಂವಹನ ಘಟಕದ ವಿಳಾಸ ಸಂಖ್ಯೆಯನ್ನೇ ಗುರುತಾಗಿ ಬಳಸುತ್ತಾರೆ. ಸರಳ, ಆದರೆ ಸುರಕ್ಷತೆ ಅಷ್ಟಕ್ಕಷ್ಟೆ. ಎರಡರಲ್ಲೂ ಮರೆಯಬಾರದ ಸಂಗತಿ ಇದು: ಹಿಂದೆ ಒಂದು ಖಾತೆ, ಒಂದು ದರಪಟ್ಟಿ ಇದ್ದೇ ಇದೆ. ಕಾರಿನಲ್ಲಿ ಹಾಕಿಟ್ಟಿರುವ ಒಪ್ಪಂದದ್ದೇ ದರ. ಜೇಬಿನಲ್ಲಿ ಅಗ್ಗದ ಕಾರ್ಡ್ ಇದ್ದರೂ ಗನ್ ಸಿಕ್ಕಿಸಿದ ಕೂಡಲೇ ಕಾರು ತನ್ನ ದುಬಾರಿ ಖಾತೆಯಲ್ಲಿ ಚಾರ್ಜ್ ಶುರು ಮಾಡಿಬಿಡಬಹುದು. ಕಾರಿನ ಸೆಟ್ಟಿಂಗ್ಸ್‌ನಲ್ಲಿ ಇದನ್ನು ಆಫ್ ಮಾಡುವ ಆಯ್ಕೆ ಎಲ್ಲಿದೆ ಎಂದು ತಿಳಿದಿರಬೇಕು.

ಯೂನಿಟ್ ದರ ಒಂದನ್ನೇ ನೋಡಬೇಡಿ

ದರಪಟ್ಟಿಯ ಮೇಲ್ಭಾಗದಲ್ಲಿ ದಪ್ಪಕ್ಷರದಲ್ಲಿರುವುದು ಯೂನಿಟ್ ದರ. ಜೇಬಿಗೆ ಕತ್ತರಿ ಬೀಳುವುದು ಅದರ ಕೆಳಗೆ ಸಣ್ಣಕ್ಷರದಲ್ಲಿ.

ಮೊದಲನೆಯದು ಶುರು ಮಾಡುವ ಶುಲ್ಕ. ಪ್ರತಿ ಸಲ ಗನ್ ಹಾಕಿದಾಗ 30 ಎಂದಿದ್ದರೆ, 40 ಯೂನಿಟ್ ತುಂಬಿಸುವವರಿಗೆ ಯೂನಿಟ್‌ಗೆ ಮುಕ್ಕಾಲು ಹೆಚ್ಚಾಗುತ್ತದೆ, ಲೆಕ್ಕಕ್ಕೇ ಬಾರದು. ಅಂಗಡಿಗೆ ಹೋಗಿ ಬರುವಷ್ಟರಲ್ಲಿ 5 ಯೂನಿಟ್ ತುಂಬಿಸುವವರಿಗೆ ಯೂನಿಟ್‌ಗೆ 6 ಹೆಚ್ಚು. (ನಾಣ್ಯ ಯಾವುದಾದರೂ ಇರಲಿ, ಲೆಕ್ಕ ಇದೇ.) ಚೂರು ಚೂರು ಚಾರ್ಜ್ ಮಾಡುವ ಅಭ್ಯಾಸದವರು ಈ ಶುಲ್ಕ ಇರುವ ಕಾರ್ಡ್ ಮುಟ್ಟಬಾರದು.

ಎರಡನೆಯದು ನಿಮಿಷದ ಲೆಕ್ಕ. ಇದು ಎಲ್ಲಕ್ಕಿಂತ ಮೋಸದ್ದು ಅನ್ನಿಸುತ್ತದೆ ನನಗೆ, ಯಾಕೆಂದರೆ ಇಲ್ಲಿ ಬೆಲೆ ತೀರ್ಮಾನಿಸುವುದು ನಿಮ್ಮ ಕಾರು. ಎಸಿ ಚಾರ್ಜರ್ 22 ಕಿಲೋವ್ಯಾಟ್ ಕೊಡಲು ಸಿದ್ಧವಿದ್ದರೂ ಕಾರಿನೊಳಗಿನ ಆನ್‌ಬೋರ್ಡ್ ಚಾರ್ಜರ್ ತೆಗೆದುಕೊಳ್ಳುವಷ್ಟೇ ಹೋಗುವುದು. 7.4 ಕಿಲೋವ್ಯಾಟ್‌ನ ಕಾರಿಗೆ ಗಂಟೆಗೆ ಹೆಚ್ಚೆಂದರೆ 7.4 ಯೂನಿಟ್, 11ರದಕ್ಕೆ 11, 22ರದಕ್ಕೆ 22. ನಿಮಿಷಕ್ಕಿಷ್ಟು ಎಂದರೆ ಮೂವರೂ ಕೊಡುವುದು ಒಂದೇ ಮೊತ್ತ. ಮೊದಲನೆಯವರಿಗೆ ಯೂನಿಟ್ ಮೂರು ಪಟ್ಟು ದುಬಾರಿ. ಡಿಸಿಯಲ್ಲೂ ಹೀಗೇ: ಬ್ಯಾಟರಿ 80 ಶೇಕಡಾ ದಾಟಿದ ಮೇಲೆ ವೇಗ ಇಳಿಯುತ್ತದೆ, ಚಳಿಗೆ ಬ್ಯಾಟರಿ ತಣ್ಣಗಾಗಿದ್ದರೆ ಮೊದಲಿನಿಂದಲೇ ನಿಧಾನ. ಗಡಿಯಾರ ಮಾತ್ರ ಓಡುತ್ತಲೇ ಇರುತ್ತದೆ. ನಿಮಿಷದ ದರವಿರುವ ಕಡೆ 80ಕ್ಕೆ ನಿಲ್ಲಿಸಿ ಹೊರಡುವುದೇ ಸರಿ.

ಮೂರನೆಯದು ಜಾಗ ಹಿಡಿದಿಟ್ಟದ್ದಕ್ಕೆ ದಂಡ. ಇದರಲ್ಲಿ ನೋಡಬೇಕಾದದ್ದು ಯಾವಾಗಿನಿಂದ ಎಂಬುದು. ಕೆಲವು ಕಡೆ ಚಾರ್ಜ್ ಪೂರ್ತಿಯಾದ ಮೇಲೆ, ಕೆಲವು ಕಡೆ ಗನ್ ಹಾಕಿದ ಇಷ್ಟು ಗಂಟೆಯ ಮೇಲೆ, ಚಾರ್ಜ್ ಆಗುತ್ತಲೇ ಇದ್ದರೂ ಸರಿ. ಎರಡನೆಯದರಲ್ಲಿ ನಿಧಾನವಾಗಿ ಚಾರ್ಜ್ ಆಗುವ ಕಾರಿನವರು ತಪ್ಪಿಲ್ಲದೆ ದಂಡ ತೆರುತ್ತಾರೆ. ರಾತ್ರಿ ಹೊತ್ತು ವಿನಾಯಿತಿ ಇದೆಯೇ, ಒಂದು ದಿನಕ್ಕೆ ಗರಿಷ್ಠ ಮಿತಿ ಇದೆಯೇ ಎಂಬುದನ್ನೂ ನೋಡಿ. ಒಂದೇ ಚಾರ್ಜರ್‌ನಲ್ಲಿ ಒಂದು ಕಾರ್ಡ್ ದಂಡ ಹಾಕಿ ಇನ್ನೊಂದು ಹಾಕದಿರುವುದೂ ಉಂಟು.

ಇವಲ್ಲದೆ ಒಂದು ಸಣ್ಣ ವಿಷಯ. ಎಸಿಯಲ್ಲಿ ಚಾರ್ಜ್ ಮಾಡುವಾಗ ಎಸಿಯಿಂದ ಡಿಸಿಗೆ ಪರಿವರ್ತನೆ ಕಾರಿನೊಳಗೆ ನಡೆಯುವುದರಿಂದ ಸುಮಾರು ಹತ್ತನೇ ಒಂದು ಭಾಗ ಶಾಖವಾಗಿ ಹೋಗುತ್ತದೆ, ಮೀಟರ್ ಓಡಿದ್ದು ಅದೂ ಸೇರಿ. 60 ಯೂನಿಟ್ ಬ್ಯಾಟರಿಯನ್ನು 20ರಿಂದ 80 ಶೇಕಡಾಕ್ಕೆ ತಂದರೆ ಬ್ಯಾಟರಿಗೆ ಸೇರಿದ್ದು 36, ಬಿಲ್ಲಿನಲ್ಲಿ 40ರ ಆಸುಪಾಸು. ಯಾರೂ ಕದ್ದಿಲ್ಲ.

ಮಾಸಿಕ ಪ್ಲಾನ್ ಲಾಭವೋ ನಷ್ಟವೋ

ಇದಕ್ಕೆ ಒಂದೇ ಭಾಗಾಕಾರ ಸಾಕು. ಸಾಮಾನ್ಯ ದರ ಯೂನಿಟ್‌ಗೆ 20, ಪ್ಲಾನ್‌ನಲ್ಲಿ 15, ತಿಂಗಳ ಶುಲ್ಕ 300 ಎಂದುಕೊಳ್ಳಿ. ಯೂನಿಟ್‌ಗೆ ಉಳಿಯುವುದು 5. 300ನ್ನು 5ರಿಂದ ಭಾಗಿಸಿದರೆ 60. ತಿಂಗಳಿಗೆ 60 ಯೂನಿಟ್ ದಾಟಿದರೆ ಲಾಭ. ಯೂನಿಟ್‌ಗೆ 6 ಕಿ.ಮೀ. ಓಡುವ ಕಾರಿಗೆ ಇದು 360 ಕಿ.ಮೀ. ದೊಡ್ಡ ಸಂಖ್ಯೆಯಲ್ಲ ಅನ್ನಿಸಬಹುದು. ಆದರೆ ಈ 60 ಯೂನಿಟ್ ಮನೆಯಲ್ಲಿ ಅಲ್ಲ, ಯಾವುದೋ ಚಾರ್ಜರ್‌ನಲ್ಲೂ ಅಲ್ಲ, ಆ ಪ್ಲಾನ್ ಅನ್ವಯಿಸುವ ಚಾರ್ಜರ್‌ಗಳಲ್ಲೇ ಆಗಬೇಕು. ರಾತ್ರಿ ಮನೆಯಲ್ಲಿ ಚಾರ್ಜ್ ಮಾಡುವವರಿಗೆ ಎಷ್ಟೋ ತಿಂಗಳು ಸಾರ್ವಜನಿಕ ಚಾರ್ಜರ್ ಮುಖ ನೋಡುವ ಪ್ರಸಂಗವೇ ಬರುವುದಿಲ್ಲ.

ಪ್ಲಾನ್ ತಿಂಗಳಿಂದ ತಿಂಗಳಿಗೆ ನಿಲ್ಲಿಸುವಂತಿದ್ದರೆ ರಜೆಗೆ ಊರು ಸುತ್ತುವ ತಿಂಗಳು ಮಾತ್ರ ತೆಗೆದುಕೊಂಡು ಬಿಡಬಹುದು. ಒಂದು ದೂರಪ್ರಯಾಣದಲ್ಲೇ ಶುಲ್ಕ ಹುಟ್ಟಿಬಿಡುತ್ತದೆ. ವರ್ಷದ ಕಟ್ಟುಪಾಡು ಇದ್ದರೆ ಎರಡು ಸಲ ಯೋಚಿಸಿ, ಏಕೆಂದರೆ ಶುಲ್ಕ ವರ್ಷಪೂರ್ತಿ ನಿಮ್ಮದು, ಯೂನಿಟ್ ದರವನ್ನು ನಡುವೆ ಏರಿಸುವ ಹಕ್ಕು ಮಾತ್ರ ಅವರದು.

ನಕಾಶೆಯಲ್ಲಿನ ಲಕ್ಷ ಚುಕ್ಕಿಗಳು

'ಇಷ್ಟು ಲಕ್ಷ ಚಾರ್ಜರ್‌ಗಳಲ್ಲಿ ನಡೆಯುತ್ತದೆ' ಎಂಬ ಜಾಹೀರಾತನ್ನು ನಾನು ಓದುವುದೇ ಬಿಟ್ಟಿದ್ದೇನೆ. ಲೆಕ್ಕ ಹಾಕುವಾಗ ಒಂದು ಕಂಬಕ್ಕೆ ಎರಡು ಗನ್ ಇದ್ದರೆ ಎರಡು ಎಂದು ಎಣಿಸಬಹುದು. ಹೋಟೆಲಿನ ಗೇಟಿನೊಳಗೆ ಅತಿಥಿಗಳಿಗೆ ಮಾತ್ರ ಇರುವುದು, ಎಂದೋ ಕೆಟ್ಟು ನಿಂತದ್ದು ಎಲ್ಲವೂ ಅದರಲ್ಲಿ ಸೇರಿರಬಹುದು. ನಿಮಗೆ ಬೇಕಾದದ್ದು ನೀವು ನಿಜಕ್ಕೂ ನಿಲ್ಲಿಸುವ ಹತ್ತು ಹನ್ನೆರಡು ಜಾಗ. ಮನೆ ಸುತ್ತ, ಕೆಲಸದ ಜಾಗದ ಹತ್ತಿರ, ಪದೇ ಪದೇ ಹೋಗುವ ದಾರಿಯಲ್ಲಿ ಇರುವ ಚಾರ್ಜರ್‌ಗಳನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಿ, ಪಕ್ಕದಲ್ಲಿ ಯಾವ ಆಪರೇಟರ್ ಎಂದು ಹಾಕಿ. ಬಹುತೇಕ ಎರಡು ಮೂರು ಹೆಸರುಗಳೇ ಮತ್ತೆ ಮತ್ತೆ ಬರುತ್ತವೆ. ಆಮೇಲೆ ಕಾರ್ಡ್ ಕಂಪನಿಯ ಆ್ಯಪ್ ತೆರೆದು, ಖಾತೆ ಮಾಡುವ ಮೊದಲೇ, ಆ ಹನ್ನೆರಡೂ ಚಾರ್ಜರ್‌ಗಳ ದರ ನೋಡಿ. ಖಾತೆ ಮಾಡದೆ ದರ ತೋರಿಸದ ಆ್ಯಪ್ ಇದ್ದರೆ ನಾನು ಅದನ್ನು ಅಲ್ಲಿಗೇ ಬಿಡುತ್ತೇನೆ.

ಕಾರ್ಡ್ ಕಳೆದರೆ

ಇದು ಹೇಳಲೇಬೇಕಾದ ಮಾತು. ಹಲವು ಚಾರ್ಜಿಂಗ್ ಕಾರ್ಡ್‌ಗಳಲ್ಲಿ ಗುರುತಿಗೆ ಬಳಸುವುದು ಚಿಪ್ಪಿನ ಸೀರಿಯಲ್ ನಂಬರ್ ಮಾತ್ರ. ಪಿನ್ ಇಲ್ಲ, ಒಟಿಪಿ ಇಲ್ಲ. 2017ರ ಡಿಸೆಂಬರ್‌ನಲ್ಲಿ ಜರ್ಮನಿಯ ಲೈಪ್ಜಿಗ್‌ನಲ್ಲಿ ನಡೆದ ಕೇಯಾಸ್ ಕಮ್ಯುನಿಕೇಷನ್ ಕಾಂಗ್ರೆಸ್ ಎಂಬ ಹ್ಯಾಕರ್‌ಗಳ ಸಮ್ಮೇಳನದಲ್ಲಿ ಇಂಥ ಕಾರ್ಡ್‌ಗಳನ್ನು ನಕಲು ಮಾಡುವುದು ಎಷ್ಟು ಸುಲಭ ಎಂದು ತೋರಿಸಿದ್ದರು. ಹಾಗಾಗಿ ಎರಡು ಸೌಲಭ್ಯ ಇರುವ ಕಾರ್ಡೇ ಆಗಬೇಕು: ಚಾರ್ಜ್ ಶುರುವಾದ ತಕ್ಷಣ ಫೋನಿಗೆ ಸಂದೇಶ, ಮತ್ತು ಆ್ಯಪ್‌ನಲ್ಲೇ ಕಾರ್ಡ್ ಬಂದ್ ಮಾಡುವ ಗುಂಡಿ. ಕಾರ್ಡನ್ನು ಕಾರಿನ ಗಾಜಿನ ಬಳಿ ಬಿಟ್ಟು ಹೋಗಬೇಡಿ. ಪರ್ಸ್ ಸಮೇತ ರೀಡರ್‌ಗೆ ಒತ್ತುವುದೂ ಬೇಡ. ಒಳಗಿನ ಎರಡು ಮೂರು ಕಾರ್ಡ್‌ಗಳಲ್ಲಿ ಯಾವುದನ್ನು ಓದೀತೋ ಗೊತ್ತಾಗುವುದಿಲ್ಲ. ಕೆಲವು ಕಂಪನಿಗಳು ಕೀ ಗೊಂಚಲಿಗೆ ಹಾಕುವ ಸಣ್ಣ ಟ್ಯಾಗ್ ಕೊಡುತ್ತವೆ, ಅದು ಇನ್ನೂ ಅನುಕೂಲ.

ಮನೆಯಲ್ಲಿ ಇಬ್ಬರು ಕಾರು ಓಡಿಸುವುದಾದರೆ ಒಂದೇ ಖಾತೆಗೆ ಎರಡು ಕಾರ್ಡ್ ಕೊಡುತ್ತಾರೆಯೇ ಕೇಳಿ. ಶುರು ಮಾಡಿದ ಕಾರ್ಡೇ ನಿಲ್ಲಿಸಲೂ ಬೇಕಾಗುವ ಚಾರ್ಜರ್‌ಗಳಿವೆ. ಗಂಡ ಶುರು ಮಾಡಿ ಕಾರ್ಡ್ ಜೇಬಿನಲ್ಲಿಟ್ಟುಕೊಂಡು ಹೋದರೆ ಹೆಂಡತಿ ಗನ್ ಬಿಡಿಸಲಾಗದೆ ಕಾಯಬೇಕು. ಒಂದು ಗುಂಪಿನ ಕಾರ್ಡ್‌ಗಳಲ್ಲಿ ಯಾವುದು ತೋರಿಸಿದರೂ ನಿಲ್ಲುವ ವ್ಯವಸ್ಥೆ ಒಸಿಪಿಪಿಯಲ್ಲಿ ಇದೆ, ಕಾರ್ಡ್ ಕಂಪನಿ ಅದನ್ನು ಹೊಂದಿಸಿರಬೇಕು ಅಷ್ಟೆ.

ಹಾಗಾದರೆ ಯಾರಿಗೆ ಯಾವುದು

ಮನೆಯಲ್ಲಿ ಚಾರ್ಜಿಂಗ್ ಪಾಯಿಂಟ್ ಇದ್ದವರಿಗೆ ಮಾಸಿಕ ಶುಲ್ಕವಿಲ್ಲದ ಒಂದು ರೋಮಿಂಗ್ ಕಾರ್ಡ್ ಸಾಕು, ಅದೂ ಕೈಕೊಟ್ಟರೆ ಬ್ಯಾಂಕ್ ಕಾರ್ಡ್. ಮನೆಯಲ್ಲಿ ಪಾಯಿಂಟ್ ಇಲ್ಲದೆ ಬೀದಿಯ ಚಾರ್ಜರ್‌ನ್ನೇ ನಂಬಿದವರು ಅದರ ಆಪರೇಟರ್‌ನ ಪ್ಲಾನ್ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು, ಜೊತೆಗೆ ಪುಕ್ಕಟೆ ರೋಮಿಂಗ್ ಕಾರ್ಡ್ ಒಂದು. ಹೆದ್ದಾರಿಯಲ್ಲೇ ಹೆಚ್ಚು ಓಡುವವರು ಮೇಲಿನ ಭಾಗಾಕಾರ ಮಾಡಿ ಡಿಸಿ ಜಾಲವೊಂದರ ಪ್ಲಾನ್ ಆರಿಸಲಿ, ಆ ಜಾಲ ಸಿಗದ ದಾರಿಗೆ ಒಂದೇ ದರದ ರೋಮಿಂಗ್ ಕಾರ್ಡ್ ಇರಲಿ. ಕಂಪನಿಯ ಲೆಕ್ಕದಲ್ಲಿ ಓಡಿಸುವವರಿಗೆ ಅಗ್ಗಕ್ಕಿಂತ ತೆರಿಗೆ ವಿವರ ಸಮೇತ ತಿಂಗಳಿಗೊಂದೇ ಬಿಲ್ ಕೊಡುವ ಕಾರ್ಡ್ ಮೇಲು. ಎರಡು ಕಾರ್ಡ್, ಹೆಚ್ಚೆಂದರೆ ಮೂರು. ಅದಕ್ಕಿಂತ ಜಾಸ್ತಿ ಇಟ್ಟುಕೊಂಡವರು ಯಾವುದರಲ್ಲಿ ಎಷ್ಟು ದರ ಎಂದು ಚಾರ್ಜರ್ ಮುಂದೆ ನಿಂತು ಹುಡುಕುವುದನ್ನು ನೋಡಿದ್ದೇನೆ.

ಕಾರ್ಡ್ ಅಂಚೆಯಲ್ಲಿ ಬಂದ ಮೇಲೆ ಅದರ ಹಿಂದಿನ ಸಂಖ್ಯೆಯನ್ನು ಆ್ಯಪ್‌ನಲ್ಲಿ ಹಾಕಿ ಆ್ಯಕ್ಟಿವೇಟ್ ಮಾಡಿ, ಮನೆ ಹತ್ತಿರದ ಚಾರ್ಜರ್‌ನಲ್ಲಿ ಎರಡು ಮೂರು ಯೂನಿಟ್ ತುಂಬಿಸಿ ನೋಡಿ. ಕೆಲವು ಚಾರ್ಜರ್‌ಗಳು ಮೊದಲು ಗನ್, ಆಮೇಲೆ ಕಾರ್ಡ್ ಎನ್ನುತ್ತವೆ, ಕೆಲವು ತದ್ವಿರುದ್ಧ; ಪರದೆಯನ್ನು ಓದಿ. ಚಾರ್ಜ್ ನಿಲ್ಲಿಸುವುದನ್ನೂ ಅದೇ ಕಾರ್ಡ್‌ನಿಂದ ಮಾಡಿ ನೋಡಿ. ಬಿಲ್ ಬಂದ ದಿನ ಅದರಲ್ಲಿನ ಯೂನಿಟ್ ದರ, ಶುರು ಮಾಡುವ ಶುಲ್ಕ ಎರಡನ್ನೂ ಆ್ಯಪ್ ತೋರಿಸಿದ್ದ ದರದ ಜೊತೆ ತಾಳೆ ನೋಡಿ. ಹೊಂದಿಕೆಯಾಗದಿದ್ದರೆ ದೂರದ ಪ್ರಯಾಣಕ್ಕೆ ಮುಂಚೆಯೇ ಆ ಖಾತೆ ಮುಚ್ಚಿ ಇನ್ನೊಂದು ತೆರೆಯಲು ಸಮಯ ಇರುತ್ತದೆ.